ಲಾಗಿನ್ ಆಗುವಷ್ಟು ಹೊತ್ತು

ಕೆಟ್ಟದ್ದನ್ನು ರಿಪೇರಿ ಮಾಡುವ ಮುಂಚೆ, ಅದು ಕೆಟ್ಟಿರುವುದರಿಂದ ಯಾರಿಗೇನು ಉಪಕಾರವಾಗುತ್ತಿದೆ ಎಂದು ವಿಚಾರಿಸಬೇಕು. ಈ ಬುದ್ಧಿ ನನಗೆ ತಡವಾಗಿ ಬಂತು. ನಾನು ಕುರುಗೋಡಿನ ಒಂದು ಶಾಲೆಯ ಕಂಪ್ಯೂಟರ್ ಮಾಸ್ತರ. ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಬಾಯಿ ಬಿಡುವುದು ಕುಕ್ಕರ್ ಒಂದೇ. ಅದೂ ಅನ್ನವಾದ ಕೂಡಲೇ ಸುಮ್ಮನಾಗುತ್ತದೆ. ಹೀಗಾಗಿ ಭಾನುವಾರವೆಂದರೆ ನನಗೆ ಹೆದರಿಕೆ.

ಶಾಲೆಯ ಲ್ಯಾಪ್‌ಟಾಪುಗಳೋ, ಪಾಸ್‌ವರ್ಡ್ ಹಾಕಿದರೆ ಚಕ್ರ ತಿರುಗಿಸುತ್ತ ಕೂತುಬಿಡುತ್ತಿದ್ದವು. ಎಲ್ಲರಿಗೂ ಅದು ಪೀಡೆ, ನನಗೆ ಹಬ್ಬ. ಸಿರುಗುಪ್ಪದಿಂದ ಬಸ್ಸಿಗೆ ಬರುವ ಕನ್ನಡದ ವಿರೂಪಾಕ್ಷಪ್ಪ ಮಾಸ್ತರರು ಮಕ್ಕಳ ಹಾಜರಿಯನ್ನು ಆನ್‌ಲೈನಿಗೆ ಏರಿಸಲಾಗದೆ ಬೆಳಬೆಳಿಗ್ಗೆ ನನ್ನ ಲ್ಯಾಬಿಗೆ ಬಂದು, ಮಂಡಕ್ಕಿ ಒಗ್ಗರಣೆ-ಮಿರ್ಚಿಯ ಪೊಟ್ಟಣ ಬಿಚ್ಚಿ, “ಅದು ತಿರಗಲಿ ಬಿಡ್ರಿ, ನಾವು ತಿನ್ನೂಣು” ಎನ್ನುತ್ತಿದ್ದರು. ತಿನ್ನುತ್ತ ತಮ್ಮ ಮದುವೆಯ ಕಥೆ ಹೇಳುತ್ತಿದ್ದರು. ದಿಬ್ಬಣದ ಬಸ್ಸು ದಾರಿಯಲ್ಲಿ ಕೆಟ್ಟು, ಬಾಸಿಂಗ ಕಟ್ಟಿಕೊಂಡ ಮದುಮಗನೇ ಇಳಿದು ನೂಕುವಲ್ಲಿಗೆ ಕಥೆ ಬಂದಿತ್ತು.

ಅಷ್ಟರಲ್ಲಿ ಹೆಡ್‌ಮಾಸ್ತರರು, “ಏನ್ರಿ, ಈ ಚಕ್ರಕ್ಕ ಒಂದು ಗತಿ ಕಾಣಸ್ರಿ” ಎಂದು ಎಲ್ಲರೆದುರು ಗದರಿದರು. ನನಗೂ ರೋಷ ಬಂತು. ನೋಡಿದರೆ, ವೈಫೈ ಸಿಗುವ ಮೊದಲೇ ಲ್ಯಾಪ್‌ಟಾಪುಗಳು ಸರ್ವರ್ ಕಂಪ್ಯೂಟರನ್ನು ಹುಡುಕಲು ಹೊರಟು, ಅದು ಕಾಣದೆ ಸುಮ್ಮನೆ ಕಾಯುತ್ತಿದ್ದವು. ಮೊದಲು ವೈಫೈ, ಆಮೇಲೆ ಲಾಗಿನ್ ಎಂದು ಸೆಟ್ಟಿಂಗ್ ಬದಲಿಸಿದೆ. ಆಯಿತಲ್ಲ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲ ತೆರೆದುಕೊಂಡವು! ಹೆಡ್‌ಮಾಸ್ತರರು ಬೆನ್ನು ತಟ್ಟಿದರು. ವಿರೂಪಾಕ್ಷಪ್ಪನವರು ಪೊಟ್ಟಣ ಬಿಚ್ಚುವ ಮೊದಲೇ ಹಾಜರಿ ಏರಿ ಮುಗಿದಿತ್ತು. “ಶಹಬ್ಬಾಸ್ ಮಾಸ್ತರ!” ಎಂದು ತರಗತಿಗೆ ನಡೆದರು.

ಆಮೇಲೆ ಲ್ಯಾಬಿನತ್ತ ಯಾರೂ ಸುಳಿಯಲಿಲ್ಲ. ಬೆಳಗಿನ ಹೊತ್ತು ಅಲ್ಲಿ ಫ್ಯಾನು ಮತ್ತು ನಾನು. ವಿರೂಪಾಕ್ಷಪ್ಪನವರನ್ನು ಕರೆಯೋಣವೆಂದರೆ ಏನೆಂದು ಕರೆಯುವುದು? ‘ನನಗೆ ಬೇಜಾರು, ಬರ್ರಿ’ ಎನ್ನಲು ಈ ವಯಸ್ಸಿನಲ್ಲಿ ನಾಚಿಕೆ. ಬೇಜಾರಂತೂ ಬಹಳವೇ ಆಗಿತ್ತು. ಹಾಳಾದ್ದು, ನನ್ನ ಕೈಯಾರೆ ನಾನೇ ಮಾಡಿಕೊಂಡದ್ದು.

ಮೊನ್ನೆ ವಿರೂಪಾಕ್ಷಪ್ಪನವರೇ ಬಂದರು. ಒಂದು ಕೈಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಎಣ್ಣೆ ಹೀರಿದ ಪೊಟ್ಟಣ. “ಯಾಕೋ ಮತ್ತ ನಿಧಾನ ಆಗೈತ್ರಿ, ನೋಡ್ರಿ” ಎಂದರು. ಅವರೇ ಪಾಸ್‌ವರ್ಡ್ ಒತ್ತಿದರು. ತಟ್ಟನೆ ತೆರೆಯಿತು. ಅವರು ಫ್ಯಾನಿನ ಕಡೆ ನೋಡಿದರು, ನಾನು ಪೊಟ್ಟಣದ ಕಡೆ ನೋಡಿದೆ. ಇಷ್ಟು ವರ್ಷ ಕಲಿತ ವಿದ್ಯೆಯನ್ನೆಲ್ಲ ಬದಿಗಿಟ್ಟು ಕುರ್ಚಿ ಎಳೆದೆ.

“ಬಾಳ ಕೆಟ್ಟೈತ್ರಿ ಸರ, ಹೊತ್ತು ಹಿಡೀತೈತಿ. ಕುಂದರ್ರಿ. ಬಸ್ಸು ನೂಕಿದ್ರಲ್ಲ, ಮುಂದೇನಾತು?”