ಜಿಗಣೆ ಇಲ್ಲದ ಮನೆ

ಎಲ್ಲಕ್ಕೂ ಕಾರಣ ಬೆಳಗಿನ ಒಂದು ಫೋನು. "ನಿಮ್ಮಲ್ಲಿ ಜಿಗಣೆ ಇದೆಯಾ?" ಎಂದು ಮೈಸೂರಿನ ಹೆಂಗಸೊಬ್ಬರು ಕೇಳಿದರು. ಸತ್ಯವನ್ನು ಎಷ್ಟು ಹೇಳಬೇಕೆಂದು ಯೋಚಿಸುತ್ತ ಗಂಗಾಧರಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಫೋನು ಇಟ್ಟದ್ದಾಗಿತ್ತು.

ಜಾವಳಿಯ ಅವರ ಹೋಂಸ್ಟೇಗೆ ಇದ್ದದ್ದು ಮೂರು ರೂಮು. ಯಾರೂ ಓದದ ಪದ್ಯದ ಪುಸ್ತಕದ ಹಾಳೆಗಳಂತೆ, ಅಲ್ಲಿನ ಹಾಸಿಗೆಯ ಹೊದಿಕೆಗಳು ಎರಡು ತಿಂಗಳಿಂದ ಮಡಿಕೆ ಮುರಿಯದೆ ಉಳಿದಿದ್ದವು. ರಸ್ತೆಯಾಚೆ ರುದ್ರೇಶನ ಹೋಂಸ್ಟೇ ಮುಂದೆ ಮಾತ್ರ ಕಾರುಗಳ ಸಾಲು.

"ಇವತ್ತು ಸಂಜೆಯೊಳಗೆ ಒಬ್ಬರಾದ್ರೂ ಬರದಿದ್ರೆ ಬೋರ್ಡ್ ಇಳಿಸಿಬಿಡಿ," ಎಂದರು ಹೆಂಡತಿ ಶಿವಗಂಗಮ್ಮ. "ರೂಮಲ್ಲಿ ಮೆಣಸಿನ ಮೂಟೆ ಇಡ್ತೀನಿ. ಮೆಣಸು ಬಿಸಿನೀರು ಕೇಳಲ್ಲ."

ಗಂಗಾಧರಪ್ಪ ಮೂಡಿಗೆರೆಯ ಮೊಬೈಲ್ ಅಂಗಡಿಯ ಅಸದನಿಗೆ ಫೋನು ಮಾಡಿದರು. ವೆಬ್‌ಸೈಟ್ ಮಾಡಿಕೊಟ್ಟವನು ಅವನೇ.

"ಹುಡುಕಿದ್ರೆ ನಿಮ್ ಸೈಟು ಒಂಬತ್ತನೇ ಪುಟದಲ್ಲಿದೆ ಗಂಗಾಧರಣ್ಣ. ಅಲ್ಲಿಗೆ ದೆವ್ವನೂ ಹೋಗಲ್ಲ. ಜನ ಏನು ಕೇಳ್ತಾರೋ ಆ ಪದ ಸೈಟಲ್ಲಿ ಮತ್ತೆ ಮತ್ತೆ ಬರ್ಬೇಕು. ನಾಲ್ಕು ಜನ ರಿವ್ಯೂನೂ ಬರೀಬೇಕು."

"ಜನ ಕೇಳೋದು ಜಿಗಣೆ ಮಾರಾಯ."

"ಹಂಗಾದ್ರೆ ಜಿಗಣೆ ಇಲ್ಲ ಅಂತ ಬರೀರಿ."

ಬರೆದರು. ಹಾಸಿಗೆಯಲ್ಲಿ ಜಿಗಣೆ ಇಲ್ಲ, ಅಂಗಳದಲ್ಲಿ ಜಿಗಣೆ ಇಲ್ಲ, ಹಂಡೆಯಲ್ಲಿ ಜಿಗಣೆ ಇಲ್ಲ; ಹೀಗೆ ಹತ್ತೊಂಬತ್ತು ಸಾಲು, ಚರಣವೇ ಇಲ್ಲದೆ ಬರಿಯ ಪಲ್ಲವಿಯಾಗಿಬಿಟ್ಟ ಹಾಡಿನ ಹಾಗೆ.

ರಿವ್ಯೂ ಬರೆಯಲು ನೆರೆಹೊರೆ ಉತ್ಸಾಹದಿಂದ ನೆರೆಯಿತು. ಜೀಪು ರಿಪೇರಿಯ ಸರ್ದಾರ್ ಗ್ರೀಸು ಮೆತ್ತಿದ ಬೆರಳಲ್ಲೇ ಒತ್ತಿದ: "ಜಿಗಣೆ ಜಾಸ್ತಿ ಇಲ್ಲ." ಅವನ ಹೆಂಡತಿ ಮರಿಯಂ ಗಂಡನನ್ನು ತಿದ್ದಿದಳು: "ಹೋದ ವರ್ಷ ಜಿಗಣೆ ಬಹಳ ಇತ್ತು. ಈಗ ಸುಣ್ಣ ಹಾಕ್ತಾರೆ." ನಲವತ್ತು ವರ್ಷ ಎಸ್ಟೇಟಿನಲ್ಲಿ ರೈಟರಾಗಿ ಆಳುಗಳ ಹಾಜರಿ ಬರೆದು ನಿವೃತ್ತರಾದ ಗುರುವಯ್ಯನವರು ಕೊಡೆಯೂರಿಕೊಂಡು ಮನೆಯನ್ನೊಮ್ಮೆ ಸುತ್ತಿ ಬಂದು ಬರೆದರು: "ಖುದ್ದು ಪರಿಶೀಲಿಸಲಾಗಿ, ಬಚ್ಚಲ ಬಳಿ ಜಿಗಣೆ ಎರಡು, ಮೆಟ್ಟಿಲ ಬಳಿ ಜಿಗಣೆ ಐದು. ಎಲ್ಲವೂ ಆರೋಗ್ಯವಾಗಿವೆ."

"ಇದನ್ಯಾಕೆ ಬರೆದ್ರಿ ಗುರುವಯ್ಯೋರೇ? ಅಳಿಸಿ."

"ಹಾಜರಿ ಹಾಕಿದ್ಮೇಲೆ ಹೊಡೆದು ಹಾಕೋ ಪದ್ಧತಿ ನನ್ನಲ್ಲಿಲ್ಲಪ್ಪ."

ಮೂರು ಗಂಟೆಗೆ ಅಸದ್ ಫೋನು ಮಾಡಿದ. "ಗಂಗಾಧರಣ್ಣ, ಫಸ್ಟ್ ಬಂತು."

"ಜಾವಳಿ ಹೋಂಸ್ಟೇ ಅಂತ ಹುಡುಕಿದ್ರೆ ತಾನೆ?"

"ಇಲ್ಲ, ಜಿಗಣೆ ಅಂತ ಹುಡುಕಿದ್ರೆ. ಈ ಸೀಮೆಗೇ ಜಿಗಣೆಗೆ ನೀವೇ ಮೊದಲು."

ಬೈಯಲು ತಕ್ಕ ಪದ ಸಿಗುವ ಮೊದಲೇ ಗೇಟಿನ ಮುಂದೆ ಕಾರೊಂದು ನಿಂತಿತು. ಎರಡು ತಿಂಗಳ ಕಾಯುವಿಕೆ ಗಂಗಾಧರಪ್ಪನ ಎದೆಯಲ್ಲಿ ಕಾಫಿಹೂವಿನಂತೆ ಒಮ್ಮೆಲೇ ಅರಳಿತು.

ಗಾಜಿನ ಭರಣಿ ಹಿಡಿದು ಇಳಿದವರು ಶಿವಮೊಗ್ಗದ ಆಯುರ್ವೇದ ವೈದ್ಯ ಸುರೇಂದ್ರ. "ಜಿಗಣೆಯವರ ಮನೆ ಇದೇ ಅಲ್ವಾ? ರಕ್ತ ತೆಗೆಯೋ ಚಿಕಿತ್ಸೆಗೆ ಬೇಕಿತ್ತು. ಹುಡುಕ್ತಾ ಮೂಡಿಗೆರೆವರೆಗೆ ಬಂದಿದ್ದೆ, ಅಲ್ಲಿ ಫೋನಲ್ಲಿ ನಿಮ್ಮ ಸೈಟು ಸಿಕ್ತು. ಎಲ್ಲವೂ ಆರೋಗ್ಯವಾಗಿವೆ ಅಂತ ಯಾರೋ ಹಿರಿಯರು ಬರೆದಿದ್ರು. ಹಿಡಿಯೋಕೆ ಮೂರು ದಿನ ಆಗ್ಬಹುದು. ರೂಮ್ ಇದೆಯಾ?"

ಮೂರು ದಿನ. ಗಂಗಾಧರಪ್ಪ ತಮ್ಮ ಹತ್ತೊಂಬತ್ತು ಸಾಲುಗಳನ್ನೂ ಒಂದೇ ಗುಟುಕಿಗೆ ನುಂಗಿದರು. "ರೂಮೂ ಇದೆ, ಜಿಗಣೆಯೂ ಬೇಕಾದಷ್ಟಿದೆ ಸಾರ್," ಎಂದು ಪಂಚೆ ಎತ್ತಿ, ಮೀನಖಂಡಕ್ಕೆ ಅಂಟಿದ್ದ ಒಂದನ್ನು ಹೆಮ್ಮೆಯಿಂದ ತೋರಿಸಿದರು.

ವೈದ್ಯರು ಬಗ್ಗಿ ನೋಡಿದರು. "ಇದು ನೆಲದ್ದು, ನೀವು ಇಂಬಳ ಅಂತೀರಲ್ಲ, ಅದು. ನಮಗೆ ಬೇಕಾದ್ದು ನಿಂತ ನೀರಲ್ಲಿ ಬೆಳೆಯೋದು." ಅವರ ನೋಟ ನಿಧಾನವಾಗಿ ರಸ್ತೆ ದಾಟಿ, ಅತಿಥಿಗಳು ಫೋಟೋ ತೆಗೆಸಿಕೊಳ್ಳಲೆಂದು ರುದ್ರೇಶ ತೋಡಿಸಿದ್ದ ತಾವರೆಹೊಂಡದ ಮೇಲೆ ನಿಂತಿತು. "ಅದು ಯಾರದ್ದು?"

ಸಂಜೆ ಶಿವಗಂಗಮ್ಮ ಮೊದಲನೇ ಮೂಟೆಯನ್ನು ರೂಮಿನೊಳಗೆ ಎಳೆಯುತ್ತಿದ್ದಾಗ ಗಂಗಾಧರಪ್ಪನ ಫೋನು ಕಿಣಿಗುಟ್ಟಿತು. ವೈದ್ಯರ ರಿವ್ಯೂ, ಐದು ನಕ್ಷತ್ರ:

"ಸಜ್ಜನರು. ಮನೆ ಹುಡುಕುವುದು ಬಲು ಸುಲಭ. ಜಿಗಣೆ ಬೇಕಾದವರು ಮೊದಲು ಇಲ್ಲಿಗೆ ಬಂದು, ಆಮೇಲೆ ಎದುರುಮನೆಗೆ ಹೋಗಬೇಕು."