ಎರಡನೆಯ ಸ್ಥಾನ

ನಾಲ್ಕು ಸಾವಿರದ ಇನ್ನೂರ ಹದಿಮೂರು. ಬೆಳಗಿನಿಂದ ಆರನೆಯ ಸಲವೂ ಅದೇ ಅಂಕ. ಗುಮಾಸ್ತ ತಲೆಯ ಮೇಲೆ ಕೈಹೊತ್ತು ಕೂತ.

ಯಾರೋ ಬಳಸಿದ್ದ, ಕಂಪ್ಯೂಟರಿನ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ತಂದು, ಅದರ ವೇಗವನ್ನು ತಯಾರಕರು ಹೇಳಿದ್ದಕ್ಕಿಂತ ಮೇಲಕ್ಕೇರಿಸಿ ಓವರ್‌ಕ್ಲಾಕ್ ಮಾಡಿ ತಿಂಗಳಾಗಿತ್ತು. ಕಾರ್ಡಿನ ವೇಗ ಅಳೆದು ಅಂಕ ಕೊಡುವ ಪರೀಕ್ಷೆಯಲ್ಲಿ ಹತ್ತು ಸಾವಿರ ದಾಟಿಸುತ್ತೇನೆಂದು ಹೆಂಡತಿಯೆದುರು ಜಂಬ ಕೊಚ್ಚಿದ್ದ. "ಇವತ್ತು ಸಂಜೆ ಐದರೊಳಗೆ ದಾಟದಿದ್ರೆ ಈ ರೂಮು ನಮ್ಮಪ್ಪನಿಗೆ," ಎಂದು ಅವಳು ಗಡುವು ಕೊಟ್ಟಿದ್ದಳು. ಮಾವನವರು ಆಗಲೇ ಹಾಸಿಗೆ ಸುತ್ತಿಕೊಂಡು ನಡುಮನೆಯಲ್ಲಿ ಕಾಯುತ್ತಿದ್ದರು.

ವೇಗ ಇಳಿಸಿದ, ಏರಿಸಿದ, ಧೂಳು ಊದಿದ. ಕಾರ್ಡು ಕಾದ ಹಂಚಾಗಿ, ಅದರ ಫ್ಯಾನು ಬೊಬ್ಬೆ ಹೊಡೆಯಿತೇ ಹೊರತು ಅಂಕ ಅಲುಗಲಿಲ್ಲ.

ಪಕ್ಕದ ಮನೆಯ ಟೈಲರ್ ಕರೆಯದೆಯೇ ಬಂದ. "ಸಾರ್, ಈ ಕಾರ್ಡಿನ ಹಳೇ ಯಜಮಾನ ಯಾವಾಗ್ಲೂ ತಾನೇ ಫಸ್ಟ್ ಬರ್ಬೇಕು ಅನ್ನೋ ಆಸಾಮಿಯಂತೆ. ಪರೀಕ್ಷೆ ಓಡಿಸ್ತಾ ಕೂತಲ್ಲೇ ಹೋಗ್ಬಿಟ್ಟನಂತೆ."

"ಎಲ್ಲಿಗೆ?"

ಟೈಲರ್ ಅಳತೆ ಟೇಪಿನ ತುದಿಯಿಂದ ಮೇಲಕ್ಕೆ ತೋರಿಸಿದ.

ಮೂರು ಗಂಟೆಗೆ ಗುಮಾಸ್ತ ಕಾರ್ಡನ್ನು ಕಿತ್ತು ಮೇಜಿನ ಮೇಲಿಟ್ಟು, ಬರಿಯ ಕಂಪ್ಯೂಟರಿನಲ್ಲಿ ಪರೀಕ್ಷೆ ಓಡಿಸಿದ. ನಾಲ್ಕು ಸಾವಿರದ ಇನ್ನೂರ ಹದಿಮೂರು! ಟೈಲರ್ ಚಪ್ಪಲಿ ಬಿಟ್ಟೇ ಓಡಿದ.

ಹೆಂಡತಿ ಮಾತ್ರ ಬಗ್ಗಿ ಹಿಂಬದಿ ನೋಡಿದಳು. "ರೀ, ಕಾರ್ಡು ಕೀಳುವಾಗ ಮಾನಿಟರಿನ ಕೇಬಲ್ ಕೀಳಲೇ ಇಲ್ವಲ್ಲ ನೀವು?"

ಕೇಬಲ್ ಮೊದಲಿನಿಂದಲೂ ಕಾರ್ಡಿಗೆ ಸಿಕ್ಕಿಸಿರಲೇ ಇಲ್ಲ, ಕಂಪ್ಯೂಟರಿನದೇ ಬೇರೊಂದು ತೂತಿನಲ್ಲಿತ್ತು. ತಿಂಗಳಿಡೀ ಬಂದ ಅಂಕ ಬರಿಯ ಕಂಪ್ಯೂಟರಿನದು; ಕಾರ್ಡು ಅವನಿಗಾಗಿ ಏನೂ ಮಾಡಿರಲಿಲ್ಲ. ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅದು ಸರಿ," ಎಂದಳು ಹೆಂಡತಿ. "ಹಾಗಾದ್ರೆ ಅದು ಇಷ್ಟು ದಿನ ಅಷ್ಟೊಂದು ಬಿಸಿಯಾಗ್ತಾ ಇದ್ದದ್ದು ಯಾರ ಕೆಲಸ ಮಾಡಿ?"

ಗುಮಾಸ್ತ ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಎಳೆದುಕೊಂಡ.

ಹೇಗೋ ಧೈರ್ಯ ತಂದುಕೊಂಡು ಕಾರ್ಡನ್ನು ಮತ್ತೆ ಕೂರಿಸಿ, ಈ ಸಲ ಕೇಬಲನ್ನು ಅದಕ್ಕೇ ಸಿಕ್ಕಿಸಿದ. ಐದಕ್ಕೆ ಹತ್ತು ನಿಮಿಷವಿದ್ದಾಗ ಅಂಕ ಬಂತು: ಹನ್ನೊಂದು ಸಾವಿರದ ಒಂಬೈನೂರು. "ಗೆದ್ದೆ!" ಎಂದು ಕುಣಿದವನು ಕೆಳಗಿನ ಸಣ್ಣ ಅಕ್ಷರ ಓದಿ ನಿಂತುಬಿಟ್ಟ.

'ಈ ಕಾರ್ಡಿನಲ್ಲಿ ನಿಮಗೆ ಎರಡನೆಯ ಸ್ಥಾನ.'

ಮೊದಲನೆಯದು ಹನ್ನೆರಡು ಸಾವಿರದ ನಾನೂರ ಎಂಬತ್ತು. ಇವತ್ತಿನದೇ ತಾರೀಕು, ಮೂರು ಗಂಟೆ ಐದು ನಿಮಿಷ. ಆಗ ಕಾರ್ಡು ಮೇಜಿನ ಮೇಲಿತ್ತು.

"ರೂಮು ನಿಮಗೇ ಇರ್ಲಿ ಬಿಡಿ," ಎಂದು ಹೆಂಡತಿ ಬಾಗಿಲು ದಾಟಿದಳು.

ಐದು ಗಂಟೆಗೆ ಗುಮಾಸ್ತ ತನ್ನ ಹಾಸಿಗೆ ಹೊತ್ತು ನಡುಮನೆಗೆ ಬಂದ. "ಸ್ವಲ್ಪ ಸರೀರಿ, ಮಾವ."

"ಯಾಕೆ ಅಳಿಯಂದ್ರೇ, ಒಳಗೆ ಜಾಗ ಇಲ್ವಾ?"

ಮುಚ್ಚಿದ ಬಾಗಿಲ ಹಿಂದೆ ಫ್ಯಾನು ತಾನಾಗಿ ಬೊಬ್ಬೆ ಹೊಡೆಯಲು ಶುರುಮಾಡಿತು.

"ಇಲ್ಲ," ಎಂದ ಗುಮಾಸ್ತ. "ಅವ್ರು ಇನ್ನೊಂದು ಸಲ ಓಡಿಸ್ತಿದ್ದಾರೆ."