ಹಲ್ಲಿನ ಡಾಕ್ಟರಮ್ಮನ ಬಾಗಿಲು

ಹೆಂಡತಿ: ಮತ್ತೆ ಆಚೆ ಹಾಕಿದಳಾ ನಿಮ್ಮನ್ನ?

ಟೈಲರ್: ಮೂರನೇ ಸಲ ಕಣೇ.

ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಹೊಲಿಗೆ ಮೆಷಿನ್ನಿನ ಮೇಲೆ ಫೋನು, ಫೋನಿನೊಳಗೆ ಒಬ್ಬಳು ಹಲ್ಲಿನ ಡಾಕ್ಟರು. ದೊಡ್ಡವರು ಆಡುವ ಪ್ರೇಮದ ಆಟ ಅದು. ಅವಳು ಏನಾದರೂ ಕೇಳುತ್ತಾಳೆ, ಕೆಳಗೆ ಮೂರು ಉತ್ತರ ಬರುತ್ತವೆ, ಒಂದನ್ನು ಒತ್ತಬೇಕು. ಸರಿಯಾಗಿ ಒತ್ತಿದರೆ ಮಲಗುವ ಕೋಣೆಯ ಬಾಗಿಲು ತೆರೆಯುತ್ತದೆ. ಟೈಲರ್ ಒಂದು ವಾರದಿಂದ ಆಟದೊಳಗಿನ ಅವಳ ಮನೆಯ ಮೆಟ್ಟಿಲ ಮೇಲೇ ಇದ್ದ. ಆವತ್ತೂ ಎಲ್ಲ ದಿನದ ಹಾಗೇ ಒಂದು ದಿನ.

ಹೆಂಡತಿ: ಏನು ಕೇಳಿದಳು?

ಟೈಲರ್: ಈ ಡ್ರೆಸ್ ನನಗೆ ಹೇಗಿದೆ ಅಂತ.

ಹೆಂಡತಿ: ನೀವೇನು ಒತ್ತಿದ್ರಿ?

ಟೈಲರ್: 'ನಿಜ ಹೇಳಲಾ?' ಅಂತ. ಆ ಭುಜ ನೋಡೇ, ಹೇಗೆ ಜೋತುಬಿದ್ದಿದೆ! ಯಾವ ಪುಣ್ಯಾತ್ಮ ಹೊಲಿದನೋ.

ಹೆಂಡತಿ: ಅಯ್ಯೋ ನಿಮ್ಮ! ಅವಳು ಬಟ್ಟೆ ಬಿಚ್ಚೋಕೆ ನಿಂತಿದ್ದಾಳೆ, ನೀವು ಆಲ್ಟರ್ ಮಾಡೋಕೆ ಹೊರಟಿದ್ದೀರಾ?

ಟೈಲರ್: ಮದುವೆಗೆ ಮುಂಚೆ ನಿನಗೂ ಹೀಗೇ ಹೇಳಿದ್ದೆ. ನೀನೇನು ಓಡಿಹೋದ್ಯಾ?

ಹೆಂಡತಿ: ನನಗೆ ಬುದ್ಧಿ ಇರಲಿಲ್ಲ. ಅವಳು ಓದಿದವಳು. ಕೊಡಿ ಇಲ್ಲಿ.

ಅವಳು ಫೋನು ಕಿತ್ತುಕೊಂಡು 'ನಿನ್ನಿಂದ ಕಣ್ಣು ತೆಗೆಯೋಕಾಗ್ತಿಲ್ಲ' ಅನ್ನುವುದನ್ನು ಒತ್ತಿದಳು. ಡಾಕ್ಟರಮ್ಮನ ಕೆನ್ನೆ ಕೆಂಪಾಯಿತು. ಬಾಗಿಲು ತೆರೆಯಿತು. 'ಮುಂದಿನ ಭಾಗ ನಾಳೆ ಬೆಳಗ್ಗೆ' ಅಂತ ಬಂತು.

ಟೈಲರ್: ಥತ್!

ಹೆಂಡತಿ: ಬಾಗಿಲು ತೆಗೆಸಿಕೊಟ್ಟಿದ್ದೀನಿ. ಒಳಗೆ ಹೋಗೋ ಕಷ್ಟ ನಿಮ್ಮದು.

ಟೈಲರ್: ಬೆಳಗ್ಗೆ ನೆನಪು ಮಾಡು. ಒಂದು ದಿನ ಉತ್ತರ ಕೊಡದಿದ್ರೂ ಇವಳು ಇನ್ನೊಬ್ಬನ ಜೊತೆ ಹೋಗ್ತಾಳೆ. ನಾನು ಆಡಿದ್ದೆಲ್ಲ ಅಳಿಸಿಹೋಗುತ್ತೆ.

ಬೆಳಗ್ಗೆ ನೆನಪು ಮಾಡೋಕೆ ಹೋದಳು. ಅವನು ಏಳಲಿಲ್ಲ. ಹೃದಯ ನಿಂತಿದೆ ಅಂದರು ಡಾಕ್ಟರು. ಇವರು ನಿಜವಾದ ಡಾಕ್ಟರು.

ಮನೆ ತುಂಬ ಜನ ಸೇರಿದರು. ನಾದಿನಿ ಅಳುತ್ತಾ ಅಣ್ಣನ ಫೋನು ಕೈಗೆತ್ತಿಕೊಂಡಳು. ಅಳು ಅಲ್ಲೇ ನಿಂತಿತು. 'ಬಾಗಿಲು ತೆರೆದೇ ಇದೆ. ಬರ್ತೀಯಾ?' ಅಂತ ಇತ್ತು.

ನಾದಿನಿ: ಅತ್ತಿಗೆ! ಅಣ್ಣನಿಗೆ ಇನ್ನೊಬ್ಬಳಿದ್ದಳು!

ಹೆಂಡತಿ: ಗೊತ್ತು. ನಿನ್ನೆ ಅವಳನ್ನ ಒಪ್ಪಿಸಿದ್ದೇ ನಾನು.

ನಾದಿನಿ: ನೀವಾ?

ಹೆಂಡತಿ: ಪಾಪ, ವಾರದಿಂದ ಒದ್ದಾಡ್ತಿದ್ರು. ಅವರ ಕೈಲಿ ಆಗ್ತಿರಲಿಲ್ಲ.

ನಾದಿನಿ: ದುಃಖಕ್ಕೆ ನಿಮಗೆ ತಲೆ ಕೆಟ್ಟಿದೆ. ಆ ಹೆಂಗಸು ಇಲ್ಲಿಗೆ ಬರಲಿ, ಕಾಲು ಮುರೀತೀನಿ!

ಹೆಂಡತಿ: ಅವಳಿಗೆ ಕಾಲೇ ಇಲ್ಲಮ್ಮ. ಸೊಂಟದ ತನಕ ಮಾತ್ರ ಬಿಡಿಸಿದ್ದಾರೆ. ಆಟ ಅದು.

ನಾದಿನಿ ಮೂಗು ಒರೆಸಿಕೊಂಡು ಫೋನನ್ನು ಹತ್ತಿರ ಹಿಡಿದು ನೋಡಿದಳು. ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

ನಾದಿನಿ: ಒಳಗೆ ಹೋದ್ರೆ... ಏನೇನು ತೋರಿಸ್ತಾರೆ?

ಹೆಂಡತಿ: ಅಣ್ಣನಿಗೆ ತಕ್ಕ ತಂಗಿ.

ನಾದಿನಿ: ಒಂದು ಸಲ ಒತ್ತಿ ನೋಡೋಣ ಅತ್ತಿಗೆ.

ಹೆಂಡತಿ: ಕೊಡು ಇತ್ಲಾಗೆ. ಒಳಗೆ ಹೋದ್ರೆ ಅವರ ಆಟ ಮುಗಿದುಹೋಗುತ್ತೆ.

ಕೆಳಗೆ ಮೂರು ಉತ್ತರ ಕಾಯುತ್ತಿದ್ದವು. 'ಬಂದೆ.' 'ನಾಳೆ ಬರ್ತೀನಿ.' 'ಇನ್ನು ಬರಲ್ಲ.'

ನಾದಿನಿ: 'ಇನ್ನು ಬರಲ್ಲ' ಅಂತ ಇದೆಯಲ್ಲ. ಅದೇ ಸರಿ ಅಲ್ವಾ?

ಹೆಂಡತಿ: ಅದು ಜಗಳ ಆಡಿ ಹೋಗೋರಿಗೆ. ಇವರು ಜಗಳ ಆಡಿ ಹೋಗಲಿಲ್ಲ. ಸತ್ತೋರಿಗೆ ಅಂತ ಇದರಲ್ಲಿ ಒಂದು ಬಟನ್ನೂ ಇಟ್ಟಿಲ್ಲ ನೋಡು, ದರಿದ್ರದವರು.

ಈಗಲೂ ದಿನಾ ಬೆಳಗ್ಗೆ ಅಂಗಡಿಯ ಷಟರ್ ಎತ್ತುವ ಮೊದಲು ಅವಳು ಫೋನನ್ನು ಚಾರ್ಜರಿನಿಂದ ತೆಗೆದು, ಸೆರಗಿನಲ್ಲಿ ಒರೆಸಿ, ನಡುವಿನದನ್ನು ಒತ್ತುತ್ತಾಳೆ: 'ನಾಳೆ ಬರ್ತೀನಿ.'